‘ಕೆಲಸ ಮುಗಿದ’ ಗರ್ಭಕೋಶ: ಒಬ್ಬ ಅಂಗನವಾಡಿ ಕಾರ್ಯಕರ್ತೆಯ ಪ್ರಕರಣ

ಈ ಪ್ರಕರಣ ನನ್ನ ಅತ್ತಿಗೆಯದು, ಅಂದರೆ ಅಣ್ಣನ ಹೆಂಡತಿಯದು. ಡಾಕ್ಟರ ಹತ್ತಿರ ಹೋದಾಗ ಅವರ ವಯಸ್ಸು 46. ದಾವಣಗೆರೆ ಹತ್ತಿರದ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ನಾನು ಸ್ಟಾಫ್ ನರ್ಸ್. ಬರಿ ಅಂತ ಹೇಳಿದವರು ಅವರೇ, ಹೆಸರು ಮತ್ತು ಊರು ಮಾತ್ರ ಬೇಡ ಅಂದರು. ಆಸ್ಪತ್ರೆಗಳ ಹೆಸರನ್ನೂ ಬಿಟ್ಟಿದ್ದೇನೆ.

ಹಿನ್ನೆಲೆ ಸರಳ. ಇಬ್ಬರು ಮಕ್ಕಳು. ಎರಡನೇ ಹೆರಿಗೆ ಆದ ತಕ್ಷಣ, 24ಕ್ಕೆ, ಮಕ್ಕಳಾಗದ ಹಾಗೆ ಆಪರೇಷನ್. ಅಲ್ಲಿಂದ ಈಚೆಗೆ ಹೆರಿಗೆ ಡಾಕ್ಟರ ಹತ್ತಿರ ಹೋಗುವ ಪ್ರಸಂಗವೇ ಬಂದಿಲ್ಲ. ಇದು ಅವರೊಬ್ಬರ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ಕರ್ನಾಟಕದ ವಿವಾಹಿತ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಈ ಆಪರೇಷನ್ ಆಗಿದೆ. ಆಮೇಲೆ ಏನು? ಇಪ್ಪತ್ತು ವರ್ಷ ಯಾರೂ ಅವರನ್ನು ಏನೂ ಕೇಳುವುದಿಲ್ಲ. ಬಸುರಿ ಆಗಿದ್ದಾಗ ತಾಯಿ ಕಾರ್ಡು, ಕಬ್ಬಿಣದ ಮಾತ್ರೆ, ತೂಕ, ಚುಚ್ಚುಮದ್ದು ಅಂತ ಮನೆಗೇ ಬಂದು ಹಿಡಿದುಕೊಂಡು ಹೋಗುತ್ತಿದ್ದ ವ್ಯವಸ್ಥೆ, ಮಕ್ಕಳು ಮುಗಿದ ಮೇಲೆ ಬಾಗಿಲಿಗೂ ಬರುವುದಿಲ್ಲ.

ತಮಾಷೆ ಏನು ಗೊತ್ತಾ, ಆ ವ್ಯವಸ್ಥೆಯ ಒಂದು ಕೈ ನಮ್ಮ ಅತ್ತಿಗೆಯೇ. 2017ರಲ್ಲಿ ಮಾತೃಪೂರ್ಣ ಬಂದ ಮೇಲೆ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ. ಊಟ ಆದ ಮೇಲೆ ಕಬ್ಬಿಣದ ಮಾತ್ರೆ ಕೊಟ್ಟು, ಕಣ್ಣೆದುರೇ ನುಂಗಿಸಿ, ಪುಸ್ತಕದಲ್ಲಿ ಬರೆಯುವವರು ಅವರು. ಅದೇ ಹೊತ್ತಿಗೆ ಅವರ ಸ್ವಂತ ಹಿಮೋಗ್ಲೋಬಿನ್ 7.2ಕ್ಕೆ ಇಳಿದಿತ್ತು.

ತೊಂದರೆ ಶುರುವಾಗಿ ಎರಡು ವರ್ಷ ಆಗಿತ್ತು. ಒಂದು ತಿಂಗಳು ಇಪ್ಪತ್ತೇ ದಿನಕ್ಕೆ ಮುಟ್ಟು, ಮುಂದೆ ಎರಡು ತಿಂಗಳು ಇಲ್ಲವೇ ಇಲ್ಲ. ಬಂದರೆ ಹತ್ತು ಹನ್ನೆರಡು ದಿನ ನಿಲ್ಲುವುದೇ ಇಲ್ಲ, ಹೆಪ್ಪುಹೆಪ್ಪಾಗಿ ಹೋಗುವುದು. ಪ್ಯಾಡಿನ ಮೇಲೆ ಬಟ್ಟೆ, ಕಡು ಬಣ್ಣದ ಸೀರೆ. ಅಂಗನವಾಡಿ ಟಾಯ್ಲೆಟ್ಟಿನಲ್ಲಿ ನೀರಿಲ್ಲ, ಹಾಗಾಗಿ ಪಕ್ಕದ ಮನೆಗೆ ಓಡಬೇಕು, ಓಡಿದರೆ ಮಕ್ಕಳನ್ನು ಸಹಾಯಕಿ ಒಬ್ಬಳೇ ನೋಡಬೇಕು. ತಾಲ್ಲೂಕಿನಲ್ಲಿ ಮೀಟಿಂಗ್ ಇದ್ದ ದಿನ ಬೆಳಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ, ರಾತ್ರಿ ನಿದ್ದೆ ಇಲ್ಲ, ಉಪ್ಪಿಟ್ಟು ತಿರುವುವಾಗ ಮುಖ ಕುತ್ತಿಗೆ ಎಲ್ಲ ಬೆಂಕಿ. ಎದೆ ಡವಡವಕ್ಕೆ ಗ್ಯಾಸ್ ಮಾತ್ರೆ ತಗೊಂಡರು. ಬೆಂಕಿಗೆ ಒಲೆ ಕಾರಣ ಅಂದುಕೊಂಡರು.

ಇದರ ನಡುವೆ ಇನ್ನೊಂದು ವಿಷಯ ಇತ್ತು, ಕೇಳುವವರೆಗೂ ಹೇಳಿರಲಿಲ್ಲ. ದುಗ್ಗಮ್ಮನ ಜಾತ್ರೆ, ತಂಗಿ ಮನೆಯ ಗೃಹಪ್ರವೇಶ, ಶ್ರಾವಣದ ಪೂಜೆ ಅಂತ ಮುಟ್ಟು ಮುಂದಕ್ಕೆ ಹಾಕುವ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ತಂದು ನುಂಗುತ್ತಿದ್ದರು. ನೊರೆಥಿಸ್ಟೆರೋನ್. ಕೆಟ್ಟ ಔಷಧ ಅಂತಲ್ಲ, ಡಾಕ್ಟರೇ ರಕ್ತ ನಿಲ್ಲಿಸಲು ಅದನ್ನು ಕೊಡುತ್ತಾರೆ. ಆದರೆ ಸುಮ್ನೆ ಮನಸ್ಸಿಗೆ ಬಂದಾಗ ತಗೊಂಡು ಬಿಟ್ಟರೆ, ಬಿಟ್ಟ ಎರಡು ಮೂರು ದಿನಕ್ಕೆ ರಕ್ತ ಹೋಗೇ ಹೋಗುತ್ತದೆ. ಅದು ಮಾತ್ರೆ ಬಿಟ್ಟದ್ದಕ್ಕೋ, ಹಾರ್ಮೋನ್ ಏರುಪೇರಿಗೋ, ಗರ್ಭಕೋಶದಲ್ಲಿ ಗಂಟು ಇದ್ದರೆ ಅದರಿಂದಲೋ ಅಂತ ಆಮೇಲೆ ಬಿಡಿಸಿ ನೋಡುವುದು ಕಷ್ಟ.

ಆಶಾ ಕಾರ್ಯಕರ್ತೆಯರು 30 ದಾಟಿದವರಿಗೆ ತುಂಬುವ ಫಾರಂ ಒಂದಿದೆ. ಬಿಪಿ, ಶುಗರ್, ಕ್ಯಾನ್ಸರ್ ಅಪಾಯ ಹುಡುಕುವುದಕ್ಕೆ. ಅದರಲ್ಲಿ ಹೆಣ್ಣುಮಕ್ಕಳಿಗೆ ಮಾತ್ರ ಕೇಳುವ ಪ್ರಶ್ನೆಗಳಿವೆ: ಎರಡು ಮುಟ್ಟಿನ ನಡುವೆ ರಕ್ತ ಹೋಗುತ್ತಾ, ಮುಟ್ಟು ನಿಂತ ಮೇಲೆ ಹೋಗಿದೆಯಾ, ಗಂಡನ ಜೊತೆ ಸೇರಿದ ಮೇಲೆ ಹೋಗುತ್ತಾ. ಅತ್ತಿಗೆಯ ಫಾರಂ ತುಂಬಿದ್ದು ಅವರದೇ ಅಂಗನವಾಡಿಯಲ್ಲಿ ಕೂತು, ಅವರದೇ ಗೆಳತಿ. ‘ನಿನಗೇನಾಗೈತೆ ಬಿಡಕ್ಕ’ ಅಂತ ಎಲ್ಲದಕ್ಕೂ ಇಲ್ಲ, ಇಲ್ಲ, ಇಲ್ಲ. ಪ್ರಶ್ನೆ ಸರಿಯಾಗಿತ್ತು. ಕೇಳಿದವರಿಗೂ ಉತ್ತರ ಬೇಕಿರಲಿಲ್ಲ, ಹೇಳಬೇಕಾದವರಿಗೂ ಹೇಳುವ ಅಭ್ಯಾಸ ಇರಲಿಲ್ಲ.

ಕೊನೆಗೆ ಒಂದು ದಿನ ಬಸ್ಸಿನಲ್ಲಿ ತಲೆ ಸುತ್ತಿ ಕೂತುಬಿಟ್ಟಾಗ ಅಣ್ಣ ಪೇಟೆಯ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದ. ಹೊಟ್ಟೆಯ ಮೇಲಿಂದ ಒಂದು ಸ್ಕ್ಯಾನ್. ಗರ್ಭಕೋಶ ಸ್ವಲ್ಪ ಊದಿದೆ, ಎರಡು ಸೆಂಟಿಮೀಟರಿನ ಒಂದು ಫೈಬ್ರಾಯ್ಡ್, ಅಂದರೆ ಕ್ಯಾನ್ಸರ್ ಅಲ್ಲದ ಗಂಟು ಇದೆ. ಅಷ್ಟಕ್ಕೇ ತೀರ್ಮಾನ ಆಯಿತು. ‘ಮಕ್ಕಳಾಗಿವೆ, ಅದರ ಕೆಲಸ ಮುಗಿದಿದೆ. ಇಟ್ಕೊಂಡು ಏನು ಮಾಡ್ತೀರಮ್ಮ? ಮುಂದೆ ಕ್ಯಾನ್ಸರ್ ಆದ್ರೆ? ಅಂಡಾಶಯಾನೂ ಒಟ್ಟಿಗೇ ತೆಗೆದುಬಿಡೋಣ.’ ಮುಂದಿನ ವಾರಕ್ಕೆ ದಿನ ಗೊತ್ತಾಯಿತು, ಅಣ್ಣ ಅಡ್ವಾನ್ಸ್ ಕಟ್ಟಿ ಬಂದ.

ಅಣ್ಣನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹೆಂಡತಿ ಉಳಿದರೆ ಸಾಕಾಗಿತ್ತು. ಬೀದಿಯಲ್ಲಿ ನಾಲ್ಕು ಮನೆ ದಾಟಿದರೆ ಒಬ್ಬರಾದರೂ ಗರ್ಭಕೋಶ ತೆಗೆಸಿಕೊಂಡವರಿದ್ದಾರೆ, ‘ಒಂದೇ ಸಲಕ್ಕೆ ಪೀಡೆ ಕಳೀತು’ ಅನ್ನುತ್ತಾರೆ. ಅವರು ಹೇಳುವುದು ಸುಳ್ಳೂ ಅಲ್ಲ. ತಿಂಗಳಲ್ಲಿ ಅರ್ಧದಷ್ಟು ದಿನಗಳು ರಕ್ತ ಹೋಗುವವರಿಗೆ, ಗದ್ದೆಗೂ ಹೋಗಿ ಮನೆಯಲ್ಲೂ ದುಡಿಯುವವರಿಗೆ, ಅದು ನಿಂತದ್ದೇ ದೊಡ್ಡ ಬಿಡುಗಡೆ.

ಆದರೆ ಅಂಕಿಅಂಶ ಬೇರೆ ಒಂದು ಮಾತು ಹೇಳುತ್ತದೆ. ಅದೇ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಸುಮಾರು ಶೇಕಡಾ 3ರಷ್ಟು ಜನಕ್ಕೆ ಗರ್ಭಕೋಶ ತೆಗೆಯಲಾಗಿದೆ. ನಮ್ಮ ಪಕ್ಕದ ಆಂಧ್ರದಲ್ಲಿ ಅದು ಶೇಕಡಾ 9ರ ಹತ್ತಿರ. ಹೀಗೆ ಮಾಡಿಸಿಕೊಂಡವರಲ್ಲಿ ಹೆಚ್ಚಿನವರು ಹೇಳಿದ ಕಾರಣ ಒಂದೇ, ಅತಿಯಾದ ರಕ್ತಸ್ರಾವ. ಹೆಚ್ಚಿನ ಆಪರೇಷನ್ ನಡೆದದ್ದು ಖಾಸಗಿ ಆಸ್ಪತ್ರೆಗಳಲ್ಲಿ. ನಮ್ಮ ರಾಜ್ಯದಲ್ಲೇ ಕಲಬುರಗಿ, ಹಾವೇರಿ ಜಿಲ್ಲೆಗಳ ಲಂಬಾಣಿ ಮತ್ತು ಬಡ ಹೆಣ್ಣುಮಕ್ಕಳ ವಿಷಯ ಸುದ್ದಿಯಾಗಿದ್ದು ಹಲವರಿಗೆ ನೆನಪಿರಬಹುದು. ಬಿಹಾರ, ಛತ್ತೀಸಗಡ, ರಾಜಸ್ಥಾನದ ಇಂಥದೇ ದೂರುಗಳನ್ನು ಹಿಡಿದು ಡಾ. ನರೇಂದ್ರ ಗುಪ್ತಾ ಅನ್ನುವವರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಅಂತ 2023ರ ಏಪ್ರಿಲ್‌ನಲ್ಲಿ ಕೋರ್ಟು ಎಲ್ಲ ರಾಜ್ಯಗಳಿಗೂ ಹೇಳಿತು. ಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹೆಣ್ಣುಮಗಳಿಗೆ ಇದು ಗೊತ್ತಿದೆಯಾ ಅಂದರೆ, ಇಲ್ಲ.

ಆಪರೇಷನ್ ದಿನಕ್ಕೆ ಮುಂಚೆ ಅತ್ತಿಗೆಯನ್ನು ನಾನು ಇನ್ನೊಬ್ಬರು ಸ್ತ್ರೀರೋಗ ತಜ್ಞರ ಹತ್ತಿರ ಕರೆದುಕೊಂಡು ಹೋದೆ. ಅವರು ಸ್ಕ್ಯಾನ್ ರಿಪೋರ್ಟು ಪಕ್ಕಕ್ಕಿಟ್ಟು ಕ್ಯಾಲೆಂಡರ್ ಕೇಳಿದರು. ಯಾವ ತಿಂಗಳು ಯಾವಾಗ ಬಂತು, ಎಷ್ಟು ದಿನ, ಎಷ್ಟು ಪ್ಯಾಡ್, ಯಾವ ಮಾತ್ರೆ. ಮಾತ್ರೆಯ ವಿಷಯ ಹೊರಬಿದ್ದದ್ದು ಅಲ್ಲೇ. ಆ ಕೋಣೆಯಲ್ಲಿ ಅಣ್ಣ ಇರಲಿಲ್ಲ, ಅದೂ ಒಂದು ಕಾರಣ ಇರಬೇಕು.

ಅತಿ ರಕ್ತಸ್ರಾವದ ಕಾರಣಗಳನ್ನು ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಫಿಗೋ 2011ರಲ್ಲಿ ಒಂಬತ್ತು ಗುಂಪು ಮಾಡಿದೆ. ನಾಲ್ಕು ಪರೀಕ್ಷೆಯಲ್ಲಿ ಕಣ್ಣಿಗೆ ಕಾಣುವಂಥವು: ಪಾಲಿಪ್ ಅಂದರೆ ಒಳಪದರದಲ್ಲಿ ಬೆಳೆಯುವ ಸಣ್ಣ ಕುಡಿ, ಗರ್ಭಕೋಶದ ಗೋಡೆಯೊಳಗೇ ಒಳಪದರ ಬೆಳೆಯುವುದು, ಫೈಬ್ರಾಯ್ಡ್, ಕ್ಯಾನ್ಸರ್ ಅಥವಾ ಅದರ ಮುಂಚಿನ ಹಂತ. ಉಳಿದ ಐದು ಹಾಗೆ ಕಾಣುವುದಿಲ್ಲ. ರಕ್ತ ಹೆಪ್ಪುಗಟ್ಟದ ದೋಷ, ಅಂಡ ಸರಿಯಾಗಿ ಬಿಡುಗಡೆ ಆಗದಿರುವುದು, ನಾವೇ ನುಂಗಿದ ಔಷಧ, ಇಂಥವೆಲ್ಲ ಅದರಲ್ಲಿ. ಎರಡು ಸೆಂಟಿಮೀಟರ್ ಗಂಟು ಸ್ಕ್ಯಾನಿನಲ್ಲಿ ಕಂಡಿತು ಅಂದಮಾತ್ರಕ್ಕೆ ರಕ್ತ ಅದರಿಂದಲೇ ಹೋಗುತ್ತಿದೆ ಅಂತ ಆಗಲ್ಲ. ಈ ವಯಸ್ಸಿನಲ್ಲಿ ಗಂಟು ಇರುವವರು ಎಷ್ಟೋ ಜನ, ಅದು ಎಲ್ಲಿ ಕೂತಿದೆ ಅನ್ನುವುದು ಮುಖ್ಯ. ಅತ್ತಿಗೆಯದು ಗರ್ಭಕೋಶದ ಹೊರಮೈ ಕಡೆ ಇತ್ತು. ಒಳಪದರಕ್ಕೆ ತಾಗಿರಲಿಲ್ಲ.

ಹಾಗಾದರೆ ರಕ್ತ ಯಾಕೆ? ಮುಟ್ಟು ಪೂರ್ತಿ ನಿಲ್ಲುವ ಮುಂಚಿನ ಕೆಲವು ವರ್ಷ, ಡಾಕ್ಟರುಗಳು ಪೆರಿಮೆನೋಪಾಸ್ ಅನ್ನುವ ಕಾಲ, ಅಂಡಾಶಯ ಪ್ರತಿ ತಿಂಗಳೂ ಅಂಡ ಬಿಡುವುದಿಲ್ಲ. ಅಂಡ ಬಿಡದ ತಿಂಗಳು, ಒಳಪದರವನ್ನು ಹತೋಟಿಯಲ್ಲಿಡುವ ಪ್ರೊಜೆಸ್ಟೆರೋನ್ ಹಾರ್ಮೋನ್ ಬರುವುದಿಲ್ಲ. ಈಸ್ಟ್ರೊಜೆನ್ ಅನ್ನುವ ಇನ್ನೊಂದು ಹಾರ್ಮೋನ್ ಮಾತ್ರ ಗರ್ಭಕೋಶದ ಒಳಪದರವನ್ನು ಬೆಳೆಸುತ್ತಲೇ ಹೋಗುತ್ತದೆ, ತಡೆಯುವವರಿಲ್ಲ, ಕೊನೆಗೆ ಅದು ಹೊತ್ತುಗೊತ್ತಿಲ್ಲದೆ ಕಳಚುತ್ತದೆ. ಎರಡು ತಿಂಗಳು ಇಲ್ಲ, ಆಮೇಲೆ ಹನ್ನೆರಡು ದಿನ ಅನ್ನುವುದರ ಲೆಕ್ಕ ಇಷ್ಟೇ. ನಮ್ಮಲ್ಲಿ ಹೆಚ್ಚಿನವರು ಮೆನೋಪಾಸ್ ಅಂದರೆ ಮುಟ್ಟು ಮೆಲ್ಲಗೆ ಕಮ್ಮಿಯಾಗಿ ನಿಲ್ಲುವುದು ಅಂದುಕೊಂಡಿರುತ್ತೇವೆ. ಜಾಸ್ತಿಯಾಗಿ ನಿಲ್ಲುವುದೂ ಇದೆ ಅಂತ ಯಾರೂ ಹೇಳಿರುವುದಿಲ್ಲ.

ವಯಸ್ಸಿನದೂ ಒಂದು ಗೊಂದಲ. ಪಶ್ಚಿಮದ ದೇಶಗಳಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51. ಭಾರತದಲ್ಲಿ 46-47. ಮಧ್ಯವಯಸ್ಸಿನ ಹೆಣ್ಣುಮಕ್ಕಳ ಬಗ್ಗೆ ಅಮೆರಿಕದಲ್ಲಿ 1990ರ ದಶಕದಲ್ಲಿ ಶುರುವಾದ ಸ್ವಾನ್ ಅನ್ನುವ ದೊಡ್ಡ ಅಧ್ಯಯನದಲ್ಲಿ ಬಿಳಿಯರು, ಕಪ್ಪು ಜನ, ಹಿಸ್ಪಾನಿಕ್, ಚೀನೀ, ಜಪಾನೀ ಮೂಲದವರು ಇದ್ದರು, ನಮ್ಮ ಕಡೆಯವರ ಗುಂಪು ಇರಲಿಲ್ಲ. ಆ ಕಡೆಯ ಲೆಕ್ಕ ಇಟ್ಟುಕೊಂಡು 43ರ ಹೆಂಗಸಿಗೆ ‘ನಿಮಗಿನ್ನೂ ಅದಕ್ಕೆ ವಯಸ್ಸಾಗಿಲ್ಲ’ ಅಂದರೆ ಹೇಗೆ?

45 ದಾಟಿದವರಿಗೆ ಹೀಗೆ ಏರುಪೇರಾಗಿ ರಕ್ತ ಹೋದರೆ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಕ್ಯಾನ್ಸರ್ ಭಯಕ್ಕೆ ಉತ್ತರ ಅದು. ಅತ್ತಿಗೆಗೆ ಒಪಿಡಿಯಲ್ಲೇ ತೆಳ್ಳಗಿನ ಕೊಳವೆ ಹಾಕಿ ತೆಗೆದರು. ಕೆಲವು ನಿಮಿಷದ ಕೆಲಸ, ಹೊಟ್ಟೆ ಹಿಂಡಿದ ಹಾಗೆ ನೋವು, ಸಂಜೆ ಮನೆಗೆ. ಜೊತೆಗೆ ಒಳಗಿನಿಂದ ಸ್ಕ್ಯಾನ್, ಗರ್ಭಕೋಶದ ಬಾಯಿಯ ಕ್ಯಾನ್ಸರ್ ಹುಡುಕುವ ಪ್ಯಾಪ್ ಸ್ಮಿಯರ್, ಥೈರಾಯ್ಡ್, ಶುಗರ್, ಕಬ್ಬಿಣದ ಸಂಗ್ರಹ ನೋಡುವ ಫೆರಿಟಿನ್. ರಿಪೋರ್ಟು ಬಂತು: ಕ್ಯಾನ್ಸರ್ ಇಲ್ಲ, ಅದರ ಮುಂಚಿನ ಹಂತವೂ ಇಲ್ಲ, ಹಾರ್ಮೋನ್ ಏರುಪೇರಾದ ಒಳಪದರ ಅಷ್ಟೇ. ಬಿಪಿ 150/96. ಅದನ್ನು ಅಲ್ಲಿಯವರೆಗೆ ಯಾರೂ ಗಮನಿಸಿರಲಿಲ್ಲ. ಮೊದಲ ನರ್ಸಿಂಗ್ ಹೋಮಿನಲ್ಲಿ ಈ ಚೂರಿನ ಪರೀಕ್ಷೆ ಮಾಡದೆಯೇ ಕ್ಯಾನ್ಸರ್ ಅನ್ನುವ ಮಾತು ಬಂದಿತ್ತಲ್ಲ, ನನ್ನ ಸಿಟ್ಟು ಅದರ ಮೇಲೆ.

ಅಂಡಾಶಯದ ವಿಷಯ ಇನ್ನೂ ದೊಡ್ಡದು. ಗರ್ಭಕೋಶ ಮಾತ್ರ ತೆಗೆದರೆ ಮುಟ್ಟು ನಿಲ್ಲುತ್ತದೆ, ಹಾರ್ಮೋನ್ ನಿಲ್ಲುವುದಿಲ್ಲ, ಆದರೂ ಅಂಡಾಶಯ ಸ್ವಲ್ಪ ಬೇಗ ಸೋಲಬಹುದು. ಎರಡೂ ಅಂಡಾಶಯ ತೆಗೆದರೆ ಮೆನೋಪಾಸ್ ರಾತ್ರೋರಾತ್ರಿ ಬರುತ್ತದೆ. ಮೈ ಉರಿ, ನಿದ್ದೆಗೇಡು ಜೋರಾಗಿ, ಮೂಳೆ ಸವೆತ ಬೇಗ. ವಯಸ್ಸು 45ರೊಳಗಿದ್ದರೆ ಹೃದಯಕ್ಕೂ ಅಪಾಯ ಹೆಚ್ಚು. 35ಕ್ಕೆ, 38ಕ್ಕೆ ಎಲ್ಲ ತೆಗೆಸಿಕೊಂಡು ಮನೆಗೆ ಬಂದು, ಮಂಡಿ ನೋವು, ಸೊಂಟ ನೋವು, ಸುಸ್ತು ಅಂತ ಆಮೇಲಿನ ವರ್ಷಗಳನ್ನೆಲ್ಲ ಮಾತ್ರೆಯಲ್ಲಿ ಕಳೆಯುವವರನ್ನು ವಾರ್ಡಿನಲ್ಲಿ ನೋಡುತ್ತಲೇ ಇರುತ್ತೇನೆ. ಅಂಡಾಶಯ ಉಳಿಸಿದ್ದಾರಾ ಅಂತ ಕೇಳಿದರೆ ಅವರಿಗೆ ಗೊತ್ತಿರುವುದಿಲ್ಲ. ಡಿಸ್ಚಾರ್ಜ್ ಕಾರ್ಡು ಮನೆಯಲ್ಲಿ ಎಲ್ಲೋ ಇರುತ್ತದೆ.

ಚಿಕಿತ್ಸೆ ಏನಾಯಿತು ಅಂದರೆ, ಮೊದಲು ಕಬ್ಬಿಣ. 7.2 ಇದ್ದದ್ದರಿಂದ ಮಾತ್ರೆಗೆ ಕಾಯದೆ ಡ್ರಿಪ್ಪಿನಲ್ಲೇ ಕೊಟ್ಟರು. ಮುಂದೆ ಮಾತ್ರೆ. ಊಟದ ಹಿಂದೆಯೇ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ ಅಂತ ಬಸುರಿಯರಿಗೆ ವರ್ಷಗಟ್ಟಲೆ ಹೇಳಿದವರು ಅತ್ತಿಗೆ, ತಾವು ಮಾತ್ರೆಯ ಜೊತೆಗೇ ಚಹಾ ಕುಡಿಯುತ್ತಿದ್ದರು. ಜೋರು ರಕ್ತದ ದಿನಗಳಿಗೆ ಅದನ್ನು ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಮಾತ್ರೆ. ಬಿಪಿಗೆ ಬೇರೆ ಮಾತ್ರೆ.

ಮುಖ್ಯ ಚಿಕಿತ್ಸೆ, ಹಾರ್ಮೋನ್ ಇರುವ ವಂಕಿ. ನೋಡಲು ಕಾಪರ್-ಟಿ ಥರವೇ, ತಾಮ್ರದ ಬದಲು ಲೆವೊನೊರ್ಜೆಸ್ಟ್ರೆಲ್ ಅನ್ನುವ ಹಾರ್ಮೋನ್ 52 ಮಿಲಿಗ್ರಾಂ ಇರುತ್ತದೆ. ಗರ್ಭಕೋಶದೊಳಗೇ ದಿನಕ್ಕೆ ಸುಮಾರು 20 ಮೈಕ್ರೊಗ್ರಾಂ ಬಿಡುತ್ತಾ ಒಳಪದರವನ್ನು ತೆಳ್ಳಗೆ ಇಡುತ್ತದೆ. ಹಲವರಲ್ಲಿ ರಕ್ತಸ್ರಾವ ಶೇಕಡಾ 90ರಷ್ಟು ಕಡಿಮೆ ಆಗುತ್ತದೆ. ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಆಪರೇಷನ್ನಿಗೆ ಹೇಳಿದ್ದ ಖರ್ಚಿನ ಮುಂದೆ ಅದರ ಬೆಲೆ ಏನೂ ಅಲ್ಲ. ಅತ್ತಿಗೆಯ ಮೊದಲ ಮಾತು, ‘ಆಪರೇಷನ್ ಆಗಿ ಇಪ್ಪತ್ತೆರಡು ವರ್ಷ ಆತು, ಈಗ ವಂಕಿ ಹಾಕಿಸ್ಕೊಂಡ್ರೆ ಊರಾಗೆ ಏನಂತಾರೆ ಹೇಳು?’ ಊರಲ್ಲಿ ಎಲ್ಲರಿಗೂ ವಂಕಿಯ ಬಗ್ಗೆ ಹೇಳಿಕೊಟ್ಟವರ ಮಾತು ಇದು!

ಹಾಕಿಸಿಕೊಂಡರು. ನಿಜವಾದ ಕಷ್ಟ ಅಲ್ಲಿಂದ ಮುಂದೆ. ಈ ವಂಕಿ ಹಾಕಿದ ಮೊದಲ ಮೂರರಿಂದ ಆರು ತಿಂಗಳು ಚೂರುಚೂರು ರಕ್ತ ಕಾಣಿಸುತ್ತಲೇ ಇರುತ್ತದೆ. ಡಾಕ್ಟರು ಮುಂಚೆಯೇ ಹೇಳಿದ್ದರು. ಆದರೂ ಎರಡನೇ ತಿಂಗಳಿಗೆ ಅಣ್ಣ ‘ಆವತ್ತೇ ತೆಗೆಸಿದ್ರೆ ಮುಗೀತಿತ್ತು’ ಅನ್ನಲು ಶುರುಮಾಡಿದ. ನಮ್ಮ ಮನೆಯಲ್ಲಿ ಹೊರಗೆ ಕೂರುವುದು ಇಲ್ಲ, ಆದರೆ ಮುಟ್ಟಿನಲ್ಲಿ ದೇವರ ಮನೆಗೆ ಹೋಗುವುದಿಲ್ಲ. ದಿನಾ ಒಂದೊಂದು ಹನಿ ಕಂಡರೆ ದೀಪ ಹಚ್ಚುವವರು ಯಾರು? ವಾರಗಟ್ಟಲೆ ಅತ್ತಿಗೆ ದೇವರ ಮನೆಯ ಹೊಸ್ತಿಲಲ್ಲೇ ನಿಂತರು. ಎಷ್ಟೋ ಹೆಂಗಸರು ಈ ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು ವಂಕಿ ತೆಗೆಸಿಬಿಡುವುದಕ್ಕೆ ಇದೂ ಒಂದು ಕಾರಣ ಅಂತ ನನಗನಿಸುತ್ತದೆ. ಮುಂಚೆ ಎಚ್ಚರಿಸುವಾಗ ಡಾಕ್ಟರು ರಕ್ತದ ಬಗ್ಗೆ ಹೇಳುತ್ತಾರೆ, ಮನೆಯ ಬಗ್ಗೆ ಹೇಳಲು ಅವರಿಗೆ ಹೇಗೆ ಗೊತ್ತಾಗಬೇಕು.

ಬಿಡಿಸಿದ್ದು ನಮ್ಮ ಅವ್ವ. ಎಪ್ಪತ್ತು ದಾಟಿದವಳು, ಇಂಥ ವಿಷಯದಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟು. ಒಂದು ಸೋಮವಾರ ಸಿಡುಕಿ, ‘ಅದು ಮುಟ್ಟಲ್ಲ, ಔಷಧದ್ದು. ಹೋಗಿ ದೀಪ ಹಚ್ಚು’ ಅಂದಳಂತೆ. ಶಾಸ್ತ್ರ ಎಲ್ಲಿಂದ ತಂದಳೋ ಗೊತ್ತಿಲ್ಲ. ಅವಳು ಹೇಳಿದ ಮೇಲೆ ಅಣ್ಣನೂ ತೆಪ್ಪಗಾದ. ಅವ್ವ ಆಮೇಲೆ ನನ್ನ ಹತ್ತಿರ ಹೇಳಿದ್ದು, ತನಗೂ ಹೀಗೇ ಆಗಿತ್ತಂತೆ, ಹೊಲದಲ್ಲಿ ಬಿದ್ದಿದ್ದಳಂತೆ, ಯಾರಿಗೂ ಹೇಳಿರಲಿಲ್ಲವಂತೆ.

ಐದನೇ ತಿಂಗಳ ಹೊತ್ತಿಗೆ ರಕ್ತ ಬಹುಪಾಲು ನಿಂತಿತು. ಹಿಮೋಗ್ಲೋಬಿನ್ 11.4ಕ್ಕೆ ಬಂತು. ಏದುಸಿರು ಹೋಯಿತು, ಡವಡವ ಕಡಿಮೆಯಾಯಿತು. ಮೈ ಉರಿ ಮಾತ್ರ ಹಾಗೇ ಇದೆ. ಅದಕ್ಕೆ ಹಾರ್ಮೋನ್ ಚಿಕಿತ್ಸೆಯೇ ಹೆಚ್ಚು ಕೆಲಸ ಮಾಡುವುದು. ಒಳಗೆ ಈ ವಂಕಿ ಇದ್ದವರಿಗೆ ಒಳಪದರ ಅತಿಯಾಗಿ ಬೆಳೆಯದ ಹಾಗೆ ಗರ್ಭಕೋಶದ ರಕ್ಷಣೆ ಆಗಲೇ ಸಿಕ್ಕಿರುತ್ತದೆ, ಚರ್ಮಕ್ಕೆ ಹಚ್ಚುವ ಈಸ್ಟ್ರೊಜೆನ್ ಜೆಲ್ ಸೇರಿಸಿದರೆ ಸಾಕು. ಚರ್ಮದ ಮೂಲಕ ಹೋಗುವುದರಿಂದ ಮಾತ್ರೆಯ ಹಾಗೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುವುದಿಲ್ಲ. ಬಿಪಿ ಹತೋಟಿಗೆ ಬಂದ ಮೇಲೆ ಡಾಕ್ಟರು ಅದನ್ನು ವಿವರಿಸಿದರು. ಅತ್ತಿಗೆ ಬೇಡ ಅಂದರು. ‘ಸೆಖೆ ತಡ್ಕೋತೀನಿ, ಇನ್ನೊಂದು ಔಷಧ ಬ್ಯಾಡ.’ ಅವರ ಇಷ್ಟ. 2002ರಲ್ಲಿ ಹಾರ್ಮೋನ್ ಚಿಕಿತ್ಸೆಯ ಬಗ್ಗೆ ಅಮೆರಿಕದ ಒಂದು ದೊಡ್ಡ ಪ್ರಯೋಗವನ್ನು ಸ್ತನ ಕ್ಯಾನ್ಸರ್ ಕಾರಣಕ್ಕೆ ಅರ್ಧಕ್ಕೇ ನಿಲ್ಲಿಸಿದ್ದರಿಂದ ಹಾರ್ಮೋನ್ ಅಂದರೆ ಹೆದರುವ ಡಾಕ್ಟರುಗಳೂ ಇದ್ದಾರೆ. ಅದರಲ್ಲಿದ್ದವರ ಸರಾಸರಿ ವಯಸ್ಸು 63, ಬಳಸಿದ್ದು ಹಳೆಯ ಕಾಲದ ಮಾತ್ರೆ, ಹೆಚ್ಚಿದ ಅಪಾಯ ವರ್ಷಕ್ಕೆ 10,000 ಜನರಲ್ಲಿ 8 ಪ್ರಕರಣ. ಈ ವಿವರ ಗೊತ್ತಿಟ್ಟುಕೊಂಡು ಬೇಡ ಅನ್ನುವುದು ಬೇರೆ, ಗಾಳಿಮಾತಿಗೆ ಹೆದರುವುದು ಬೇರೆ. ಶತಾವರಿ ಪುಡಿ ತರಿಸಿಕೊಂಡು ಹಾಲಿಗೆ ಹಾಕಿ ಕುಡಿದರು, ಉರಿಗೆ ಏನೂ ವ್ಯತ್ಯಾಸ ಕಾಣಲಿಲ್ಲ, ಡಬ್ಬ ಖಾಲಿಯಾದ ಮೇಲೆ ಬಿಟ್ಟರು.

ಕೆಲಸದ ಕಡೆಯಿಂದ ಏನು ನೆರವು ಸಿಕ್ಕಿತು ಅಂತ ಕೇಳಬಹುದು. 2025ರ ಕೊನೆಗೆ ಕರ್ನಾಟಕ ಸರ್ಕಾರ ತಿಂಗಳಿಗೆ ಒಂದು ದಿನ ಸಂಬಳ ಸಹಿತ ಮುಟ್ಟಿನ ರಜೆ ತಂದಿತು, 18ರಿಂದ 52 ವರ್ಷದವರಿಗೆ. ಒಳ್ಳೆಯದೇ. ಆದರೆ ಅದು ಕಾರ್ಖಾನೆ, ಅಂಗಡಿ, ತೋಟ ಇಂಥ ಕಾಯ್ದೆಗಳ ಕೆಳಗೆ ಬರುವ ಕಡೆಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಅಂಗನವಾಡಿಯವರಿಗೆ ಸಿಗುವುದು ಸಂಬಳ ಅಲ್ಲ, ಗೌರವಧನ. ಮೇಲಾಗಿ ಯಾವಾಗ ಬರುತ್ತೆ, ಎಷ್ಟು ದಿನ ಇರುತ್ತೆ ಗೊತ್ತಿಲ್ಲದವರಿಗೆ ತಿಂಗಳಿಗೆ ಒಂದು ದಿನ ಎಲ್ಲಿ ಸಾಕಾಗುತ್ತೆ? ಅತ್ತಿಗೆಗೆ ನೆರವಾದದ್ದು ಸಹಾಯಕಿ, ಮತ್ತು ಪಂಚಾಯಿತಿಯವರ ಬೆನ್ನು ಹತ್ತಿ ಟಾಯ್ಲೆಟ್ಟಿಗೆ ಹಾಕಿಸಿಕೊಂಡ ನೀರಿನ ಪೈಪು.

ಗರ್ಭಕೋಶ ತೆಗೆಯುವುದೇ ತಪ್ಪು ಅಂತ ಈ ಪ್ರಕರಣದಿಂದ ಯಾರೂ ತಿಳಿಯಬೇಡಿ. ಅದೇ ಬೀದಿಯ ಇನ್ನೊಬ್ಬರಿಗೆ ಒಳಪದರದಲ್ಲಿ ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಕಂಡಿತು, ಆಪರೇಷನ್ನೇ ಸರಿಯಾದ ದಾರಿ, ಮಾಡಿಸಿಕೊಂಡು ಆರಾಮಾಗಿದ್ದಾರೆ. ದೊಡ್ಡ ಗಂಟು, ಔಷಧಕ್ಕೆ ಬಗ್ಗದ ರಕ್ತಸ್ರಾವ, ಜಾರಿದ ಗರ್ಭಕೋಶ, ಇವಕ್ಕೂ ಬೇಕಾಗಬಹುದು. ಇನ್ನೊಂದು, ಮುಟ್ಟು ನಿಂತು ಪೂರ್ತಿ ಒಂದು ವರ್ಷ ಆದ ಮೇಲೆ ಒಂದು ಹನಿ ಕಂಡರೂ ಅದೇ ವಾರ ಡಾಕ್ಟರಿಗೆ ತೋರಿಸಬೇಕು, ಅದನ್ನು ‘ಮತ್ತೆ ಮುಟ್ಟು ಬಂತು’ ಅಂತ ಬಿಡುವ ಹಾಗಿಲ್ಲ. ಬೀದಿಯ ಹೆಂಗಸರು ಈಗ ಸ್ಕ್ಯಾನ್ ರಿಪೋರ್ಟು ಹಿಡಿದು ಅತ್ತಿಗೆಯ ಹತ್ತಿರ ಬರುತ್ತಾರೆ. ಅವರು ಡಾಕ್ಟರಲ್ಲ, ರಿಪೋರ್ಟು ಓದುವುದಿಲ್ಲ. ಮೂರು ಪ್ರಶ್ನೆ ಕೇಳಿಕೊಂಡು ಬಾ ಅಂತ ಕಳಿಸುತ್ತಾರೆ: ರಕ್ತ ಯಾಕೆ ಹೋಗುತ್ತಿದೆ, ಒಳಪದರದ ಚೂರು ಪರೀಕ್ಷೆ ಆಗಿದೆಯಾ, ತೆಗೆಯುವುದೇ ಆದರೆ ಅಂಡಾಶಯ ಯಾಕೆ ತೆಗೆಯಬೇಕು.

ಕಟ್ಟಿದ ಅಡ್ವಾನ್ಸಿನಲ್ಲಿ ಅರ್ಧ ವಾಪಸ್ ಬಂತು. ಗಂಟು ಇನ್ನೂ ಇದೆ, ದೀಪಾವಳಿ ಆದ ಮೇಲೆ ಮತ್ತೆ ಸ್ಕ್ಯಾನ್. ಬೆಳೆದಿದ್ದರೆ, ರಕ್ತ ಮತ್ತೆ ಶುರುವಾದರೆ, ಆಪರೇಷನ್ ಮಾತು ತೆಗೆಯಲೇಬೇಕಾಗುತ್ತದೆ. ಆಗ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಅಂಡಾಶಯದ ಸಾಲನ್ನು ಕನ್ನಡದಲ್ಲಿ ಬರೆಸಿಕೊಂಡು, ತಾವೇ ಓದಿ ಸಹಿ ಹಾಕುವುದಾಗಿ ಅತ್ತಿಗೆ ಹೇಳಿದ್ದಾರೆ. ಅಣ್ಣನೂ ಹೂಂ ಅಂದಿದ್ದಾನೆ.